ಗುಂಡಮ್ಮನ ಚೂರು

ಅಜ್ಜಿಯ ಕಿವಿ ಎಷ್ಟು ಚುರುಕು ಎಂದರೆ, ಮೇಲಿನ ಮಹಡಿಯವರು ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದದ್ದೂ ಆಕೆಗೆ ಕೇಳಿಸುತ್ತಿತ್ತು. ಇನ್ನು ತನ್ನದೇ ಅಡುಗೆಮನೆಯಲ್ಲಿ ಸೊಸೆ ಬೆಣ್ಣೆ ಡಬ್ಬಿಗೆ ಚಮಚ ಹಾಕಿದ್ದು ಕೇಳಿಸದೆ ಹೋಗುತ್ತದೆಯೇ?

"ಎಷ್ಟು ತೆಗೀತಿದೀಯ?" ನಡುಮನೆಯಿಂದಲೇ ಕೂಗಿದಳು.

"ಒಂದು ಚಮಚ, ಅತ್ತೆ."

"ಎರಡು ಸಲ ಸದ್ದಾಯ್ತು."

ಸೊಸೆ ಬಿಸಿ ಅನ್ನಕ್ಕೆ ಬೆಣ್ಣೆ ಕಲಸಿ, ಮೇಲೊಂದು ಬೇಯಿಸಿದ ಮೊಟ್ಟೆ ಇಟ್ಟು, ತಟ್ಟೆಯನ್ನು ಮಗಳ ಮುಂದೆ ತಂದಿಟ್ಟಳು. ಗುಂಡಮ್ಮ ತಲೆ ಬಗ್ಗಿಸಿಕೊಂಡು ಗಬಗಬ ತಿನ್ನತೊಡಗಿದಳು.

"ಹೀಗೆ ಜಿಡ್ಡು ತುಂಬಿಸು. ಇನ್ನರ್ಧ ಗಂಟೆಗೆ ಕಕ್ಕಸಿಗೆ ಓಡ್ತಾಳೆ, ನೋಡ್ತಿರು" ಎಂದಳು ಅಜ್ಜಿ.

ಗುಂಡಮ್ಮ ಹೆಸರಿಗೆ ಮಾತ್ರ ಗುಂಡಮ್ಮ. ಹುಟ್ಟಿದಾಗ ಅಂಗೈಯಗಲ ಇದ್ದ ಕೂಸನ್ನು ಎತ್ತಿಕೊಂಡು, ಆಗಿನ್ನೂ ಬದುಕಿದ್ದ ಅಜ್ಜ, "ಕರೆದೂ ಕರೆದೂ ಗುಂಡಗಾಗಲಿ" ಎಂದು ಇಟ್ಟ ಅಡ್ಡಹೆಸರು ಅದು. ಏಳು ವರ್ಷವಾದರೂ ಹೆಸರಿನ ಗುಣ ಮೈಗೆ ಹತ್ತಿರಲಿಲ್ಲ. ಅಪ್ಪನಷ್ಟೇ ಉಣ್ಣುತ್ತಿದ್ದಳು, ಉಂಡದ್ದು ಎಲ್ಲಿ ಹೋಗುತ್ತಿತ್ತೋ ದೇವರೇ ಬಲ್ಲ. ಹೊಟ್ಟೆಯುಬ್ಬರ, ಕಕ್ಕಸಿಗೆ ಓಟ, ಮತ್ತೆ ಹಸಿವು. ಕೆಮ್ಮು ಒಂದು ಸಲ ಹಿಡಿದರೆ ಬಿಡುತ್ತಿರಲಿಲ್ಲ. ಮುತ್ತಿಟ್ಟರೆ ಕೆನ್ನೆ ಉಪ್ಪುಪ್ಪು.

ಇದಕ್ಕೆಲ್ಲ ಕಾರಣವೇನೆಂದು ಅಜ್ಜಿಗೆ ಖಚಿತವಾಗಿ ಗೊತ್ತಿತ್ತು: ಸೊಸೆಯ ಕೈ ಅಡುಗೆ. ಅದನ್ನು ಆಕೆ ಗುಟ್ಟಾಗಿಯೇನೂ ಇಟ್ಟಿರಲಿಲ್ಲ. ಮೆಟ್ಟಿಲ ಮೇಲೆ ಸಿಕ್ಕವರಿಗೆ, ಫೋನು ಮಾಡಿದ ನಾದಿನಿಗೆ, ತರಕಾರಿ ಅಂಗಡಿಯ ಸಾಲಿನಲ್ಲಿ ಹಿಂದೆ ಮುಂದೆ ನಿಂತವರಿಗೆ, ಎಲ್ಲರಿಗೂ ಒಂದೇ ಮಾತು. "ನಮ್ಮ ಕಡೆ ಒಬ್ಬರಾದ್ರೂ ಹೀಗಿದಾರಾ? ತಿನ್ನಿಸೋ ಕೈ ಸರಿ ಇರಬೇಕು ನೋಡಿ." ಸೊಸೆ ಅದನ್ನು ಬಾಗಿಲ ಮರೆಯಲ್ಲಿ ಎಷ್ಟು ಸಲ ಕೇಳಿಸಿಕೊಂಡಿದ್ದಳೋ! ತುಟಿ ಕಚ್ಚಿಕೊಂಡು ಒಳಗೆ ಹೋಗಿ ಹೊಲಿಗೆ ಮಿಷನ್ನಿನ ಮುಂದೆ ಕೂರುತ್ತಿದ್ದಳು. ಬಟ್ಟೆಯಂಗಡಿಯಲ್ಲಿ ಗಿರಾಕಿಗಳ ಅಳತೆಗೆ ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು ಅವಳ ಕೆಲಸ. ಮನೆಯಲ್ಲಿ ಮಾತ್ರ ಬರೀ ಬಿಗಿ ಮಾಡುವುದೇ ಆಗಿತ್ತು. ಮಗಳ ಲಂಗದ ಸೊಂಟವನ್ನು ಮತ್ತೆ ಮತ್ತೆ ಒಳಗೆ ಹಿಡಿದು ಹೊಲಿಯುತ್ತಿದ್ದಳು.

ಆಸ್ಪತ್ರೆಯ ಓಡಾಟ ಶುರುವಾಗಿ ಆಗಲೇ ಬಹಳ ಕಾಲವಾಗಿತ್ತು. ಒಂದು ಸಂಜೆ ಊಟಕ್ಕೆ ಕೂತಾಗ ಅಜ್ಜಿಯ ಮಗ ಅಲ್ಲಿನ ವಿಷಯ ಬಿಡಿಸಿ ಹೇಳಿದ. ಮಗ ಲಿಫ್ಟ್ ರಿಪೇರಿ ಮಾಡುವವನು. ಏನು ಹೇಳಿದರೂ ಅದರಲ್ಲೊಂದು ಲಿಫ್ಟು ಬಂದೇ ಬರುತ್ತಿತ್ತು.

"ಬೆವರಿನ ಪರೀಕ್ಷೆ ಇನ್ನೊಂದು ಸಲ ಮಾಡಿದ್ರಮ್ಮ. ಉಪ್ಪು ಜಾಸ್ತಿ ಇದೆ. ಆದ್ರೆ ಕಾಯಿಲೆ ಇದೆ ಅನ್ನೋವಷ್ಟಿಲ್ಲ, ಇಲ್ಲ ಅನ್ನೋವಷ್ಟು ಕಡಿಮೇನೂ ಇಲ್ಲ. ನಡುವೆ ನಿಂತಿದೆ."

"ರಕ್ತ ತಗೊಂಡ್ರಲ್ಲ, ಅದು?"

"ಅದರಲ್ಲಿ ಜೀನಿನ ಎರಡು ದೋಷ ಸಿಕ್ಕಿವೆ. ಒಂದು ಗೊತ್ತಿರೋದು. ಇನ್ನೊಂದು ಯಾರೂ ಕಂಡಿಲ್ಲದ್ದಂತೆ, ಅದು ಕೆಟ್ಟದ್ದೋ ಸುಮ್ನೆ ಇದೆಯೋ ಹೇಳಕ್ಕಾಗಲ್ವಂತೆ. ಸಿಸ್ಟಿಕ್ ಫೈಬ್ರೋಸಿಸ್ ಅಂತ ಅನುಮಾನ. ಕಫ ಗಟ್ಟಿಯಾಗಿ ಎದೆ, ಹೊಟ್ಟೆ ಎರಡನ್ನೂ ಕೆಡಿಸೋ ಕಾಯಿಲೆಯಂತೆ."

"ಆ ಹೆಸರು ಕೇಳಿದ್ರೇ ಇಲ್ಲದ ಕಾಯಿಲೆ ಬರುತ್ತೆ" ಎಂದು ಅಜ್ಜಿ ಮೂಗು ಮುರಿದಳು.

"ಹೆಸರು ಗಟ್ಟಿ ಆಗ್ಲೇಬೇಕು ಅತ್ತೆ" ಎಂದಳು ಸೊಸೆ. "ಆಗದೆ ಆ ಕಾಯಿಲೆ ನೋಡೋ ವಿಭಾಗದವರು ಇವಳನ್ನ ಸೇರಿಸ್ಕೊಳ್ಳಲ್ಲ. ಔಷಧಿ ಜೀವಮಾನಪೂರ್ತಿ ತಗೋಬೇಕಾದ್ದು. ಅನುಮಾನದ ಮೇಲೆ ಶುರು ಮಾಡಲ್ಲ ಅಂದ್ರು. ಅದಕ್ಕೇ ಈಗ ಕರುಳಿನ ಪರೀಕ್ಷೆ."

ಮಗ ತಟ್ಟೆಯ ಅಂಚಿನಲ್ಲಿ ಎರಡು ಆಲೂಗಡ್ಡೆ ಹೋಳು ನಿಲ್ಲಿಸಿ, ನಡುವೆ ಒಂದು ಈರುಳ್ಳಿ ಎಸಳು ಸಿಕ್ಕಿಸಿ ತೋರಿಸಿದ. "ಕರುಳಿನ ಒಳಪದರದಿಂದ ಅಕ್ಕಿಕಾಳಿಗಿಂತ ಸಣ್ಣ ಚೂರು ತೆಗೀತಾರೆ. ನೋವಾಗಲ್ವಂತೆ. ಆ ಚೂರನ್ನ ಹೀಗೆ, ಎರಡು ಪುಟ್ಟ ನೀರಿನ ಗೂಡಿನ ಮಧ್ಯೆ ಪರದೆ ಥರ ಕಟ್ತಾರೆ. ಬೆಚ್ಚಗಿಟ್ರೆ ಅದು ಕೆಲವು ಗಂಟೆ ಬದುಕಿರುತ್ತೆ. ಅದರಲ್ಲಿ ಉಪ್ಪು ಆಚೆ ಹೋಗೋಕೆ ಬಾಗಿಲುಗಳಿವೆ. ಉಪ್ಪು ದಾಟಿದ್ರೆ ಚೂರೇ ಚೂರು ಕರೆಂಟು ಹರಿಯುತ್ತೆ, ಅದನ್ನ ಅಳೀತಾರೆ. ಬಾಗಿಲು ತೆರೆಯೋ ಔಷಧಿ ಒಂದು ಹನಿ ಬಿಡ್ತಾರೆ. ನಾವು ಲಿಫ್ಟಿನ ಬಟನ್ ಒತ್ತಿ ನೋಡಲ್ವಾ, ಹಾಗೆ. ತೆರೆದ್ರೆ ಕರೆಂಟಿನ ಗೆರೆ ಮೇಲೇಳುತ್ತೆ. ತೆರೀದಿದ್ರೆ ಬಾಗಿಲೇ ಕೆಟ್ಟಿದೆ ಅಂತ."

"ನನ್ನ ಚೂರಿಗೆ ಊಟ ಕೊಡ್ತಾರಾ?" ಗುಂಡಮ್ಮ ಕೇಳಿದಳು.

"ಕೊಡ್ತಾರಂತೆ. ಸಕ್ಕರೆ ನೀರು."

"ಬರೀ ಸಕ್ಕರೆ ನೀರಾ?" ಗುಂಡಮ್ಮನಿಗೆ ತನ್ನ ಚೂರಿನ ಬಗ್ಗೆ ಕನಿಕರವಾಯಿತು.

ಅಜ್ಜಿಯ ತಲೆಗೆ ಮಾತ್ರ ಇದ್ಯಾವುದೂ ಹೋಗಲಿಲ್ಲ. ಆಕೆಯ ಮನಸ್ಸು ಬೇರೊಂದು ಕಡೆ ಸಿಕ್ಕಿಕೊಂಡಿತ್ತು. "ಒಳಗೆ ನೋಡ್ತಾರಾ?"

"ಲೈಟ್ ಹಾಕಿ ನೋಡ್ತಾರಮ್ಮ. ನೋಡದೆ ಹೇಗೆ ತೆಗೀತಾರೆ?"

"ಎಷ್ಟು ಜನ ಇರ್ತಾರೆ?"

"ಮೂರೋ ನಾಲ್ಕೋ. ಯಾಕೆ?"

"ಏನಿಲ್ಲ" ಎಂದಳು ಅಜ್ಜಿ.

ಆಕೆ ಕೂದಲು ಕಪ್ಪಿದ್ದಾಗಿನಿಂದ ಬೆಳ್ಳಗಾಗುವ ತನಕ ಒಂದು ದೊಡ್ಡ ಲಾಡ್ಜಿನಲ್ಲಿ ರೂಮು ಚೊಕ್ಕಟ ಮಾಡಿಸುವ ಮೇಲ್ವಿಚಾರಕಿಯಾಗಿದ್ದವಳು. ಹೊರಗಿನವರು ತಪಾಸಣೆಗೆ ಬರುತ್ತಾರೆ ಎಂದರೆ ಮಂಚದ ಕಾಲಿನ ಅಡಿಯನ್ನೂ ಒರೆಸಿಸಿ, ತಾನೇ ಬಗ್ಗಿ ಬೆರಳಾಡಿಸಿ ನೋಡಿ, ಆಮೇಲಷ್ಟೇ ಬಾಗಿಲು ತೆರೆಸುತ್ತಿದ್ದಳು. ತೊಳೆಯದ ಕೋಣೆಯನ್ನು ಪರರಿಗೆ ತೋರಿಸುವುದೆಂದರೆ ಆಕೆಗೆ ಸೀರೆಯಿಲ್ಲದೆ ಬೀದಿಗೆ ಇಳಿದ ಹಾಗೆ. ಈಗ ನಾಲ್ಕು ಜನ ಓದಿದವರು ಲೈಟು ಹಾಕಿ ತನ್ನ ಮೊಮ್ಮಗಳ ಕರುಳಿನೊಳಗೆ ಇಣುಕುತ್ತಾರೆ. ಅಲ್ಲಿ ಕೊಳೆ ಕಂಡರೆ ಏನೆಂದುಕೊಂಡಾರು? ಆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ ಎಂದಾರು.

ಪರೀಕ್ಷೆಯ ಹಿಂದಿನ ದಿನ ಅಂಗಡಿಗೆ ಹೊರಡುವಾಗ ಸೊಸೆ ಹೇಳಿಯೇ ಹೋಗಿದ್ದಳು. "ಅತ್ತೆ, ಇವಳಿಗೆ ಯಾವ ಔಷಧೀನೂ ಕೊಡಬೇಡಿ. ಕೆಮ್ಮಿದ್ದೂ ಬೇಡ. ಆಸ್ಪತ್ರೇಲಿ ಹೇಳಿದಾರೆ."

"ನಾನ್ಯಾಕೆ ಕೊಡಲಿ ಔಷಧಿ?" ಎಂದಿದ್ದಳು ಅಜ್ಜಿ.

ಹರಳೆಣ್ಣೆ ಔಷಧಿಯೇನು? ಮನೆಯಲ್ಲಿರುವ ಎಣ್ಣೆ. ಸೊಸೆ ಮೆಟ್ಟಿಲಿಳಿದ ಮೇಲೆ ಅಜ್ಜಿ ಕಿತ್ತಳೆ ರಸಕ್ಕೆ ಎರಡು ದೊಡ್ಡ ಚಮಚ ಎಣ್ಣೆ ಕದಡಿ, ಗುಂಡಮ್ಮನ ಮೂಗು ಹಿಡಿದು ಕುಡಿಸಿದಳು. "ನಾಳೆ ಒಳಗೆಲ್ಲ ಫಳಫಳ ಅಂತಿರುತ್ತೆ. ನಿನ್ನಮ್ಮನಿಗೆ ಹೇಳಬೇಡ, ಆಯ್ತಾ?" ಗುಂಡಮ್ಮ ಮುಖ ಕಿವುಚಿಕೊಂಡು ತಲೆಯಾಡಿಸಿದಳು. ಸಂಜೆಯಿಡೀ ಅವಳು ಕಕ್ಕಸಿಗೆ ಓಡಿದ್ದನ್ನು ಯಾರೂ ಗಮನಿಸಲಿಲ್ಲ. ಆ ಮನೆಯಲ್ಲಿ ಅದೇನು ಹೊಸದೇ?

ಪರೀಕ್ಷೆ ಕೆಟ್ಟಿತು.

ಡಾಕ್ಟರು ಕರೆಸಿದಾಗ ಅಜ್ಜಿಯೂ ಹಟ ಮಾಡಿ ಜೊತೆಗೆ ಹೋದಳು. ಡಾಕ್ಟರು ಹೆಂಗಸು, ಗಂಭೀರ ಮುಖದವರು. ಅವರ ಪಕ್ಕದಲ್ಲಿ ನೀಲಿ ಕೋಟು ಹಾಕಿಕೊಂಡು, ಕೈ ಕಟ್ಟಿ ಒಬ್ಬ ಹುಡುಗಿ ನಿಂತಿದ್ದಳು. ಚೂರುಗಳನ್ನು ಗೂಡಿಗೆ ಕಟ್ಟಿ ಅಳೆದವಳು ಅವಳೇ. ಅಜ್ಜಿ ಮನಸ್ಸಿನಲ್ಲೇ ಅವಳಿಗೆ ಅಳತೆಯ ಹುಡುಗಿ ಎಂದು ಹೆಸರಿಟ್ಟಳು.

"ನಾಲ್ಕು ಚೂರೂ ಸೋರ್ತಿದ್ವು" ಎಂದರು ಡಾಕ್ಟರು. "ಸೋರೋ ಚೂರಲ್ಲಿ ಕರೆಂಟು ಅಳೆಯೋಕಾಗಲ್ಲ. ಬಾಗಿಲು ಇದೆಯೋ ಇಲ್ವೋ ಗೊತ್ತಾಗಲ್ಲ. ಭೇದಿ ಆಗ್ಲಿ ಅಂತ ಏನಾದ್ರೂ ಕೊಟ್ಟಿದ್ರಾ?"

"ಇಲ್ಲ" ಎಂದಳು ಸೊಸೆ. "ನನ್ನ ಮಗಳ ಆಣೆಗೂ ಏನೂ ಕೊಟ್ಟಿಲ್ಲ."

ಅಜ್ಜಿ ಗೋಡೆಯ ಕಡೆ ನೋಡಿದಳು.

"ಹಾಗಾದ್ರೆ ಇವಳ ಕರುಳೇ ಹೀಗಿರಬಹುದು, ಅಥವಾ ನಮ್ಮ ಕಡೆ ತಪ್ಪಾಗಿರಬಹುದು." ಡಾಕ್ಟರು ಅಳತೆಯ ಹುಡುಗಿಯ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು. "ಕಾರಣ ಗೊತ್ತಾಗದೆ ಇನ್ನೊಂದು ಸಲ ಚೂರು ತೆಗೆಯೋದು ಸರಿಯಲ್ಲ. ಮಗು ಅದು."

ಅಂದಿನಿಂದ ಮನೆಯಲ್ಲಿ ಮೂರು ಹೊತ್ತೂ ಜಗಳ. ಮಗನದು ಒಂದೇ ಮಾತು: "ಸಾಕು. ಮತ್ತೆ ಅವಳನ್ನ ಅಲ್ಲಿ ಮಲಗಿಸೋಕೆ ನನ್ನ ಕೈಲಾಗಲ್ಲ."

"ನಿಮ್ಮ ಕೈಲಾಗದಿದ್ರೆ ಮನೇಲಿರಿ, ನಾನು ಕರ್ಕೊಂಡು ಹೋಗ್ತೀನಿ" ಎಂದಳು ಸೊಸೆ. "ಅವರು ಬೇಡ ಅಂದ್ರೆ ಬಾಗಿಲಲ್ಲಿ ಕೂತ್ಕೋತೀನಿ. ಇದು ಏನು ಅಂತ ಗೊತ್ತಾಗೋ ತನಕ ನಾನು ಬಿಡಲ್ಲ ರೀ."

"ಅವರೇ ಕಾರಣ ಗೊತ್ತಿಲ್ಲ ಅಂತಿದಾರಲ್ಲೇ!"

"ಹುಡುಕಲಿ. ನಿಮ್ಮ ಲಿಫ್ಟ್ ಕೆಟ್ಟರೆ ನೀವು ಹುಡುಕಲ್ವಾ?"

ಮಗ ತುತ್ತು ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದ. "ಹುಡುಕ್ತೀನಿ. ಮೊದಲು ಕೇಳೋದೇ, ನನಗಿಂತ ಮುಂಚೆ ಇದಕ್ಕೆ ಯಾರು ಕೈ ಹಾಕಿದ್ರು ಅಂತ. ಮುಕ್ಕಾಲು ಪಾಲು ಅಲ್ಲೇ ಸಿಗುತ್ತೆ. ಯಾರೋ ಒಳ್ಳೇದಕ್ಕೆ ಅಂತ ಏನೋ ಮಾಡಿರ್ತಾರೆ."

ಅಜ್ಜಿ ಲೋಟ ಎತ್ತಿ ನೀರು ಕುಡಿದಳು. ಎದುರಿಗೆ ಕೂತ ಗುಂಡಮ್ಮ ತಿನ್ನುವುದು ನಿಲ್ಲಿಸಿ, ಅಜ್ಜಿಯನ್ನೇ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ನೋಡುತ್ತಿದ್ದಳು.

ಹೇಳಿಬಿಟ್ಟರೆ ಆಯಿತು ಎಂದು ಎಷ್ಟೋ ಸಲ ಬಾಯಿ ತೆರೆದಳು. ಹೇಗೆ ಹೇಳುವುದು? ಏಳು ವರ್ಷ ಸೊಸೆಯ ತಟ್ಟೆಯಲ್ಲಿ ತಪ್ಪು ಹುಡುಕಿದ ಬಾಯಿ ಅದು. ಈಗ ಅದೇ ಬಾಯಲ್ಲಿ, ಕೆಡಿಸಿದ್ದು ನಾನು ಎನ್ನುವುದೇ? ನಾಳೆ ಹೇಳಿದರಾಯಿತು ಎಂದು ಮುಂದೂಡಿದಳು. ಆ ನಾಳೆಗಳು ವಾರಗಳಾದವು. ನಡುವೆ ಗುಂಡಮ್ಮನಿಗೆ ಜ್ವರ ಬಂತು. ಕೆಮ್ಮಿ ಕೆಮ್ಮಿ ಪಕ್ಕೆ ಹಿಡಿದುಕೊಂಡು ಕೂರುತ್ತಿದ್ದಳು. ಶಾಲೆ ತಪ್ಪಿತು. ಸೊಸೆ ಒಂದು ಬೆಳಿಗ್ಗೆ ಲಂಗದ ಸೊಂಟ ಹಿಡಿಯಲು ಕೂತವಳು, ಇನ್ನು ಒಳಗೆ ಹಿಡಿಯಲು ಬಟ್ಟೆಯೇ ಉಳಿದಿಲ್ಲವೆಂದು ಲಂಗವನ್ನು ಮೂಲೆಗೆ ಎಸೆದಳು.

ಅಜ್ಜಿ ಅದನ್ನು ಎತ್ತಿ ಮಡಿಸಿಟ್ಟಳು. ಚಪ್ಪಲಿ ಮೆಟ್ಟಿಕೊಂಡು, "ಈಗ ಬಂದೆ" ಎಂದು ಹೊರಟುಬಿಟ್ಟಳು.

ಆಸ್ಪತ್ರೆಯ ನೆಲಮಹಡಿಯ ಹಿಂಬದಿಯಲ್ಲಿ ಆ ಕೋಣೆ ಇತ್ತು. ಕೇಳಿಕೊಂಡು ಕೇಳಿಕೊಂಡು ಹೋಗಿ ಬಾಗಿಲು ತಳ್ಳಿದರೆ, ಅಳತೆಯ ಹುಡುಗಿ ತೊಟ್ಟಿಯ ಮುಂದೆ ನಿಂತು ಏನನ್ನೋ ಉಜ್ಜುತ್ತಿದ್ದಳು. ಬೆಂಕಿಪೊಟ್ಟಣದಷ್ಟು ದೊಡ್ಡ, ಗಾಜಿನಂತೆ ಪಾರದರ್ಶಕವಾದ ಗೂಡುಗಳು. ಸಣ್ಣ ಬ್ರಷ್ಷಿನಿಂದ ಒಂದೊಂದು ತೂತನ್ನೂ ತಿಕ್ಕಿ, ನೀರು ಬಿಟ್ಟು, ಬೆಳಕಿಗೆ ಹಿಡಿದು ನೋಡಿ, ಮತ್ತೆ ತಿಕ್ಕುತ್ತಿದ್ದಳು.

ಅಜ್ಜಿ ಬಂದ ಕೆಲಸ ಮರೆತು ನೋಡುತ್ತ ನಿಂತಳು. "ಚೊಕ್ಕಟವಾಗೇ ಇದೆಯಲ್ಲಮ್ಮ. ಇನ್ನೂ ಯಾಕೆ ತಿಕ್ತೀಯ?"

ಹುಡುಗಿ ಬೆಚ್ಚಿ ತಿರುಗಿದಳು. ಗುರುತು ಹಿಡಿದು ಕುರ್ಚಿ ಸರಿಸಿಕೊಟ್ಟಳು. "ನೀವಾ ಅಜ್ಜಿ? ನಿಮ್ಮ ಮೊಮ್ಮಗಳ ಪರೀಕ್ಷೆ ಕೆಟ್ಟಾಗಿಂದ ದಿನಾ ಇದೇ ಕೆಲಸ. ಸೋಪು ಉಳಿದಿತ್ತೇನೋ, ಚೂರು ಕಟ್ಟುವಾಗ ಅಂಚು ಜಜ್ಜಿಹೋಯ್ತೇನೋ ಅಂತ ತಲೆ ಕೆಟ್ಟುಹೋಗಿದೆ. ಮೇಲಿನವರು ನಿನ್ನ ಕೈ ನಿಧಾನ ಅಂದ್ರು. ಹೊಸ ಪರೀಕ್ಷೆಗಳನ್ನ ನನಗೆ ಕೊಡೋದು ನಿಲ್ಲಿಸಿದಾರೆ." ನಗಲು ನೋಡಿದಳು, ಆಗಲಿಲ್ಲ. "ನನ್ನ ತಪ್ಪೇ ಇರಬೇಕು."

ಅಜ್ಜಿ ಜೀವಮಾನದಲ್ಲಿ ಎಷ್ಟೋ ಜನರಿಂದ ತಿಕ್ಕಿಸಿದ್ದಳು. ಮಾಡದ ಕೊಳೆಯನ್ನು ಹೀಗೆ ಒಬ್ಬಳೇ ನಿಂತು ತಿಕ್ಕುವವಳನ್ನು ಕಂಡಿರಲಿಲ್ಲ. ಆಕೆಗೆ ಸಂಕಟ ತಡೆಯಲಾಗಲಿಲ್ಲ.

"ಆ ಬ್ರಷ್ಷು ಕೆಳಗಿಡು ತಾಯಿ" ಎಂದಳು. "ತಪ್ಪು ನಿಂದಲ್ಲ. ಹಿಂದಿನ ದಿನ ಮಗೂಗೆ ನಾನು ಹರಳೆಣ್ಣೆ ಕುಡಿಸಿದ್ದೆ."

"ಹರಳೆಣ್ಣೆನಾ?"

"ಎರಡು ದೊಡ್ಡ ಚಮಚ. ನೀವೆಲ್ಲ ಒಳಗೆ ನೋಡ್ತೀರಲ್ಲ, ಕೊಳೆ ಇರಬಾರದು ಅಂತ."

ಹುಡುಗಿ ದೊಪ್ಪೆಂದು ಸ್ಟೂಲಿನ ಮೇಲೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಾಳೆಂದು ಅಜ್ಜಿ ಹೆದರಿದಳು. ಅವಳು ನಗುತ್ತಿದ್ದಳು. "ಅಯ್ಯೋ ಅಜ್ಜಿ! ಆ ಎಣ್ಣೆ ಒಳಪದರವನ್ನ ಕೆರಳಿಸುತ್ತೆ. ಸೋರದೆ ಇನ್ನೇನು ಮಾಡುತ್ತೆ! ಹಾಗಾದ್ರೆ ಅವಳ ಕರುಳು ಹಾಗಿಲ್ಲ. ಇನ್ನೊಂದು ಸಲ ಅಳೆಯಬಹುದು."

"ಅಳೀತೀಯಾ?"

"ಅಳೀತೀನಿ. ಡಾಕ್ಟರಿಗೆ ಈಗಲೇ ಹೇಳ್ತೀನಿ." ಎದ್ದವಳು ಬಾಗಿಲಲ್ಲಿ ನಿಂತಳು. "ಆದ್ರೆ ಮಗುವಿನ ಅಮ್ಮನಿಗೆ ನೀವೇ ಹೇಳ್ಬೇಕು ಅಜ್ಜಿ. ಅವರು ಆಣೆ ಹಾಕಿದ್ರು. ನಮ್ಮ ಬಾಯಿಂದ ಗೊತ್ತಾದ್ರೆ ಚೆನ್ನಾಗಿರಲ್ಲ."

"ಹೇಳ್ತೀನಿ" ಎಂದಳು ಅಜ್ಜಿ. ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆ ಏನಿತ್ತೋ ಒಂದೂ ಕಣ್ಣಿಗೆ ಬೀಳಲಿಲ್ಲ.

ಸಂಜೆ ತಟ್ಟೆ ಹಾಕಿದ ಮೇಲೆ, ಯಾರೂ ಮೊದಲ ತುತ್ತು ಎತ್ತುವ ಮುಂಚೆ ಹೇಳಿದಳು. ಸುತ್ತಿ ಬಳಸದೆ, ಎಣ್ಣೆ, ಚಮಚ, ಕಿತ್ತಳೆ ರಸ ಎಲ್ಲವನ್ನೂ.

"ಅಬ್ಬಾ, ಅಜ್ಜಿ ಹೇಳಿದ್ಳು!" ಎಂದು ಗುಂಡಮ್ಮ ಉಸಿರು ಬಿಟ್ಟಳು. "ಅಮ್ಮಾ, ನಾನು ಯಾರಿಗೂ ಹೇಳಿರಲಿಲ್ಲ ನೋಡು."

ಸೊಸೆಗಿಂತ ಮೊದಲು ಮಗನೇ ಬಾಯಿಬಿಟ್ಟ. "ಏನಮ್ಮಾ ನೀನು? ನಾನು ಅವತ್ತೇ ಕೇಳಿದ್ನಲ್ಲ..."

"ನೀವು ಸುಮ್ನಿರಿ" ಎಂದಳು ಸೊಸೆ. "ಇದು ನನ್ನ ಮತ್ತೆ ಅತ್ತೆ ಮಧ್ಯದ ಮಾತು." ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಮಗಳ ಆಣೆ ಹಾಕಿದೆ ನಾನು. ನೀವು ಪಕ್ಕದಲ್ಲೇ ನಿಂತಿದ್ರಿ. ಸುಳ್ಳು ಆಣೆ ಹಾಕಿಸಿದ್ರಿ ನನ್ನ ಕೈಲಿ!"

"ಹೌದು."

"ಇಷ್ಟು ದಿನ ಅವಳು ಕೆಮ್ಮೋದನ್ನ ನೋಡ್ಕೊಂಡು ಕೂತಿದ್ರಿ."

"ಹೌದಮ್ಮ."

"ನಾನು ಒಂದು ಚಮಚ ಬೆಣ್ಣೆ ಹಾಕಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತೀರಿ. ತಿನ್ನಿಸೋ ಕೈ ಸರಿಯಿಲ್ಲ ಅಂತ ಏಳು ವರ್ಷ ಡಂಗುರ ಹೊಡೆದ್ರಿ. ಮೆಟ್ಟಿಲ ಮೇಲೆ ಜನ ನನ್ನ ಮುಖ ಹೇಗೆ ನೋಡ್ತಾರೆ ಗೊತ್ತಾ ಅತ್ತೆ? ಮಗೂನ ಉಪವಾಸ ಕೆಡವೋ ತಾಯೀನ ನೋಡೋ ಹಾಗೆ! ರಾತ್ರಿ ಎಷ್ಟೋ ಸಲ ನನಗೇ ಅನುಮಾನ ಬಂದಿದೆ, ನಿಜವಾಗ್ಲೂ ನನ್ನ ಅಡುಗೇಲೇ ಏನೋ ಇದೆಯೇನೋ ಅಂತ."

ಅಜ್ಜಿ ನಾಚಿಕೆಯಿಂದ ಮುಖ ಎತ್ತಲಾಗದೆ ತಟ್ಟೆಯನ್ನೇ ನೋಡುತ್ತ ಕೂತಳು.

ಸೊಸೆ ಕಣ್ಣೊರೆಸಿಕೊಂಡು ಹೇಳಿದಳು: "ಇನ್ನೊಂದು ಸಲ ಪರೀಕ್ಷೆ ಆಗ್ಬೇಕು, ಆಗುತ್ತೆ. ಅಲ್ಲೀವರೆಗೆ ಇವಳ ಬಾಯಿಗೆ ಹೋಗೋದೆಲ್ಲ ನನ್ನ ಕೈಯಿಂದಲೇ ಹೋಗ್ಬೇಕು. ನೀರು ಕೂಡ."

"ಆಗಲಿ" ಎಂದಳು ಅಜ್ಜಿ.

ಹೇಳಿದಂತೆ ನಡೆದುಕೊಂಡಳು. ಸೊಸೆ ಬೆಳಿಗ್ಗೆ ಮಗಳ ಊಟ, ತಿಂಡಿ, ನೀರಿನ ಬಾಟಲಿ ಎಲ್ಲವನ್ನೂ ಮುಚ್ಚಿಟ್ಟು ಅಂಗಡಿಗೆ ಹೋಗುತ್ತಿದ್ದಳು. ಅಜ್ಜಿ ಅವುಗಳ ಮುಚ್ಚಳವನ್ನೂ ಮುಟ್ಟುತ್ತಿರಲಿಲ್ಲ. "ಅಜ್ಜಿ, ಒಂದೇ ಒಂದು ಬಿಸ್ಕತ್ತು" ಎಂದು ಗುಂಡಮ್ಮ ಸೆರಗು ಹಿಡಿದು ಜಗ್ಗಿದರೆ, "ನಿನ್ನಮ್ಮನ ಡಬ್ಬಿ ಅಲ್ಲಿದೆ, ತಗೊಂಡು ತಿನ್ನು. ನನ್ನ ಕೈಗೆ ರಜಾ" ಎನ್ನುತ್ತಿದ್ದಳು. ಮೇಲಿನ ಮಹಡಿಯಾಕೆ ಪ್ರೀತಿಯಿಂದ ಮಗುವಿಗೆ ಮಿಠಾಯಿ ತಂದರೆ ಬಾಗಿಲಿಗೆ ಅಡ್ಡ ನಿಂತು ವಾಪಸು ಕಳಿಸಿದಳು. ಆಕೆ ಮುಖ ಊದಿಸಿಕೊಂಡು ಹೋದಳು, ಹೋಗಲಿ ಬಿಡಿ. ಹರಳೆಣ್ಣೆಯ ಶೀಸೆಯನ್ನು ಮಗನ ಕೈಗಿತ್ತು, "ನಿನ್ನ ಲಿಫ್ಟಿನ ಬಾಗಿಲಿಗಾದ್ರೂ ಹಾಕ್ಕೋ" ಎಂದಳು.

"ಅದಕ್ಕೂ ಬೇಡಮ್ಮ" ಎಂದ ಮಗ.

ಎರಡನೆಯ ಪರೀಕ್ಷೆಯ ದಿನ ನಾಲ್ವರೂ ಹೋದರು. ಚೂರು ತೆಗೆಯುವ ಕೋಣೆ ಮೂರನೆಯ ಮಹಡಿಯಲ್ಲಿ, ಅಳೆಯುವ ಕೋಣೆ ನೆಲಮಹಡಿಯಲ್ಲಿ. ಆ ಆಸ್ಪತ್ರೆಯ ಲಿಫ್ಟೋ, ಕರೆದರೆ ಬರುವುದಕ್ಕೆ ಒಂದು ಯುಗ. ಸೊಸೆ ಮಗಳ ಕೈ ಹಿಡಿದು ಒಳಗೆ ಹೋದಳು. ಚೂರು ತಡವಿಲ್ಲದೆ ಕೆಳಗಿಳಿಯಲೆಂದು ಮಗ ಲಿಫ್ಟಿನ ಬಾಗಿಲಿಗೆ ಭುಜ ಕೊಟ್ಟು, ಅದು ಕುಂಯ್ ಕುಂಯ್ ಎನ್ನುತ್ತಿದ್ದರೂ ಬಿಡದೆ ಹಿಡಿದು ನಿಂತ. ಅತ್ತಿತ್ತ ಹೋಗುವವರು ಬೈದರು. "ಕೆಟ್ಟಿದೆ, ಮೆಟ್ಟಿಲು ಹತ್ತಿ" ಎಂದ. ಅಳತೆಯ ಹುಡುಗಿ, ಗೂಡು ಸೇರುವವರೆಗೆ ಚೂರುಗಳನ್ನು ತಂಪಾಗಿಡುವ ಶೀಸೆಯನ್ನು ಎದೆಗವಚಿಕೊಂಡು ಓಡಿ ಬಂದಳು. ಅವಳು ಒಳಗೆ ಕಾಲಿಟ್ಟ ಕೂಡಲೇ ಲಿಫ್ಟು ಇಳಿಯಿತು.

ಕೆಳಗಿನ ಕೋಣೆಯ ಗಾಜಿನಾಚೆ ನಿಂತು ಎಲ್ಲರೂ ನೋಡಿದರು. ಪುಟ್ಟ ಗೂಡುಗಳಲ್ಲಿ ಗುಳುಗುಳು ಗುಳ್ಳೆ ಏಳುತ್ತಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆ ನಿಧಾನವಾಗಿ ಸಾಗುತ್ತಿತ್ತು. ಗುಂಡಮ್ಮ ಗಾಜಿಗೆ ಮೂಗು ಒತ್ತಿ ಕೂಗಿದಳು, "ನನ್ನ ಚೂರು ಬದುಕಿದೆಯಾ?"

ಹುಡುಗಿ ಬಾಗಿಲು ತುಸು ತೆರೆದು ಹೇಳಿದಳು, "ಬದುಕಿದೆ. ಈ ಸಲ ಒಂಚೂರೂ ಸೋರ್ತಿಲ್ಲ." ಅಜ್ಜಿಯ ಕಡೆ ನೋಡಿ ತಲೆಯಾಡಿಸಿದಳು. ಅಜ್ಜಿ ಎಷ್ಟೋ ದಿನದ ಮೇಲೆ ನೆಟ್ಟಗೆ ಉಸಿರಾಡಿದಳು.

ಆಮೇಲೆ ಹುಡುಗಿ ಔಷಧಿಯ ಹನಿ ಬಿಟ್ಟಳು. ಮಗ ಕಣ್ಣು ಮಿಟುಕಿಸದೆ ಗೆರೆಯನ್ನು ನೋಡಿದ. ಅದು ಏಳುವ ಹಾಗೆ ಮಾಡಿ, ಸ್ವಲ್ಪ ಹೊತ್ತಿಗೆ ಮತ್ತೆ ಮಲಗಿತು. ಇನ್ನೊಂದು ಹನಿ. ಹಾಗೆಯೇ ಮಲಗಿತ್ತು. "ಇದರರ್ಥ ಡಾಕ್ಟರೇ ಹೇಳ್ಬೇಕು" ಎಂದಳು ಹುಡುಗಿ. ಬಟನ್ ಒತ್ತಿದಾಗ ತೆರೆಯದ ಬಾಗಿಲನ್ನು ಮಗ ಬೇಕಾದಷ್ಟು ನೋಡಿದ್ದ.

ಮುಂದಿನ ವಾರ ಡಾಕ್ಟರು ಅದನ್ನೇ ಹೇಳಿದರು. ಚೂರುಗಳೆಲ್ಲ ಚೆನ್ನಾಗಿದ್ದವು, ಅಳತೆ ಸರಿಯಾಗಿದೆ, ಉಪ್ಪಿನ ಬಾಗಿಲು ತೆರೆಯುತ್ತಿಲ್ಲ. ಬೆವರು, ರಕ್ತ, ಇದು, ಮೂರೂ ಸೇರಿ ಈಗ ಅನುಮಾನವಿಲ್ಲ. ಸಿಸ್ಟಿಕ್ ಫೈಬ್ರೋಸಿಸ್.

ಮಗ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ. ಸೊಸೆಯ ಕಣ್ಣು ತುಂಬಿತು. ಆದರೆ ದನಿ ಗಟ್ಟಿಯಿತ್ತು. "ಸರಿ. ಈಗ ಏನು ಮಾಡ್ಬೇಕು ಹೇಳಿ."

ಡಾಕ್ಟರು ಹೇಳಿದರು. ಪೂರ್ತಿ ಹೋಗುವ ಕಾಯಿಲೆಯಲ್ಲ, ಆದರೆ ಹಿಡಿತದಲ್ಲಿಡಬಹುದು. ಪ್ರತಿ ಊಟದ ಜೊತೆ ಕ್ಯಾಪ್ಸೂಲು. ಅದು ಜಿಡ್ಡನ್ನು ಅರಗಿಸುತ್ತದೆ. ಎದೆಯ ಕಫ ಸಡಿಲವಾಗಲು ದಿನಾ ಉಸಿರಿನ ವ್ಯಾಯಾಮ. ಬೆವರಿದಾಗ ಉಪ್ಪು. "ಮತ್ತೆ ಬೆಣ್ಣೆ, ಮೊಟ್ಟೆ, ಹಾಲು ಧಾರಾಳವಾಗಿ ಕೊಡಿ. ಇಷ್ಟು ದಿನ ಹೇಗೆ ತಿನ್ನಿಸ್ತಿದ್ರಿ?"

"ಹೀಗೇ" ಎಂದಳು ಸೊಸೆ.

"ಒಳ್ಳೇದೇ ಮಾಡಿದೀರಿ."

ಆಗ ಅಜ್ಜಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. "ಡಾಕ್ಟ್ರೇ, ನಂದೊಂದು ಪ್ರಶ್ನೆ. ಈ ಮಗು ಹೀಗೆ ಸಣ್ಣಗಾಗಿದ್ದು ಇವಳ ಕೈ ಅಡುಗೆಯಿಂದಾನಾ?"

"ಅಮ್ಮಾ!" ಎಂದ ಮಗ.

"ನೀನು ಸುಮ್ನಿರೋ. ನಾನು ಡಾಕ್ಟರನ್ನ ಕೇಳ್ತಿದೀನಿ."

"ಅಲ್ಲ ಅಜ್ಜಿ. ಯಾರ ಅಡುಗೆಯಿಂದಲೂ ಅಲ್ಲ. ಇದು ಹುಟ್ಟಿನಿಂದ ಬಂದಿದ್ದು."

"ಸ್ವಲ್ಪ ಜೋರಾಗಿ ಹೇಳಿ. ನನಗೆ ಕಿವಿ ಮಂದ."

ಸೊಸೆ ಸರಕ್ಕನೆ ಅತ್ತೆಯ ಕಡೆ ತಿರುಗಿದಳು.

ಡಾಕ್ಟರು ದನಿಯೇರಿಸಿದರು. "ಇವರ ಅಡುಗೆಯಿಂದ ಅಲ್ಲ! ಇವರು ಹೀಗೆ ತಿನ್ನಿಸದೆ ಇದ್ದಿದ್ರೆ ಮಗು ಇನ್ನೂ ಸೊರಗ್ತಿತ್ತು!" ಹೊರಗೆ ಸಾಲಿನಲ್ಲಿ ಕೂತವರು ಒಳಗೆ ಇಣುಕಿದರು.

"ಮತ್ತೆ ಎಲ್ಲಿಂದ ಬಂತು?"

"ಅರ್ಧ ಅಮ್ಮನಿಂದ, ಅರ್ಧ ಅಪ್ಪನಿಂದ. ಇಬ್ಬರಲ್ಲೂ ಅಡಗಿ ಕೂತಿರುತ್ತೆ, ಗೊತ್ತೇ ಆಗಲ್ಲ."

"ಅಪ್ಪನಿಂದ ಅಂದ್ರೆ ನಮ್ಮ ಕಡೇದು" ಎಂದಳು ಅಜ್ಜಿ, ಸಾಲಿನವರಿಗೂ ಕೇಳುವ ಹಾಗೆ. "ಏಳು ವರ್ಷ ನಮ್ಮ ಕಡೆ ಒಬ್ಬರೂ ಹೀಗಿಲ್ಲ ಅಂತ ಹೇಳ್ಕೊಂಡು ಓಡಾಡಿದೆ. ಇನ್ಮೇಲೆ ಸರಿಯಾಗಿ ಹೇಳ್ತೀನಿ."

ಹೇಳಿಯೇ ಹೇಳಿದಳು. ಮನೆಗೆ ಬಂದವಳು ಮೆಟ್ಟಿಲ ಮೇಲೆ ಸಿಕ್ಕವರನ್ನೆಲ್ಲ ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಹೇಳಿದಳು. ಮಿಠಾಯಿ ವಾಪಸು ಹೋಗಿದ್ದ ಮೇಲಿನ ಮಹಡಿಯಾಕೆಯ ಬಾಗಿಲು ತಟ್ಟಿ ಹೇಳಿದಳು. ನಾದಿನಿಗೆ ತಾನೇ ಫೋನು ಮಾಡಿದಳು. ಹೊಲಿಗೆ ಮಿಷನ್ನಿನ ಮುಂದೆ ಕೂತ ಸೊಸೆಗೆ ಅಷ್ಟೂ ಕೇಳಿಸಿತು. ಅವಳು ಮಿಷನ್ನು ತುಳಿಯುವುದು ನಿಲ್ಲಿಸಿದ್ದಳು.

ಸಂಜೆ ಅಡುಗೆಮನೆಯಲ್ಲಿ ಬೆಣ್ಣೆ ಡಬ್ಬಿಗೆ ಚಮಚ ತಾಗಿದ ಸದ್ದಾಯಿತು. ಒಂದು ಸಲ, ಎರಡು ಸಲ, ಮೂರು ಸಲ. ಅಜ್ಜಿ ಕೂಗಲಿಲ್ಲ.

ಸೊಸೆ ಮಗಳ ತಟ್ಟೆ ತಂದಿಟ್ಟಳು. ಹೊಸ ಔಷಧಿಯ ಡಬ್ಬಿಯಿಂದ ಒಂದು ಕ್ಯಾಪ್ಸೂಲು ತೆಗೆದಳು. ಗುಂಡಮ್ಮ ಬಾಯಿ ಆ ಎಂದು ತೆರೆದು ಕಾದಳು. ಸೊಸೆ ಅತ್ತೆಯ ಕಡೆ ಕೈ ಚಾಚಿದಳು.

"ತಗೊಳ್ಳಿ ಅತ್ತೆ. ನೀವೇ ಕೊಡಿ."

ಅಜ್ಜಿ ಕೈ ಚಾಚಿದವಳು ಅರ್ಧಕ್ಕೇ ಹಿಂದೆಗೆದುಕೊಂಡಳು.

"ಇರಮ್ಮ" ಎಂದಳು. "ಕೈ ತೊಳ್ಕೊಂಡು ಬರ್ತೀನಿ."